ಕೊಳದ ಅಂತರಗಂಗೆ ತೆರವು: ಎರಡನೆಯ ಹಂತದ ದಾಖಲೆ

ಕೊಳದ ಸುಮಾರು ಅರ್ಧ ಭಾಗದಿಂದ ಅಂತರಗಂಗೆಯ (ವಾಟರ್ ಹಯಸಿಂತ್) ಹಾಸನ್ನು ಎಳೆದು ದಡಕ್ಕೆ ಹಾಕುವ ಕೆಲಸ ಈ ಹಂತದಲ್ಲಿ ಮುಗಿದಿದೆ. ಆದರೆ ತೆರವಾದ ವಿಸ್ತೀರ್ಣವೊಂದನ್ನೇ ಪ್ರಗತಿಯೆಂದು ಬರೆದಿಡುವುದನ್ನು ಕೈಬಿಟ್ಟಿದ್ದೇನೆ. ಅಮೆಜಾನ್ ಜಲಾನಯನ ಪ್ರದೇಶಕ್ಕೆ ಸೇರಿದ ಈ ಸಸ್ಯವು ತಿಳಿನೇರಳೆ ಹೂವಿನ ಚೆಲುವಿನಿಂದಾಗಿ ಅಲಂಕಾರದ ಗಿಡವಾಗಿ ಖಂಡಗಳನ್ನು ದಾಟಿತು. ಬೆಚ್ಚಗಿನ ಹವೆಯೂ ಸಾರಜನಕ, ರಂಜಕಗಳಿಂದ ಕೊಬ್ಬಿದ ನೀರೂ ದೊರೆತಲ್ಲಿ ಅದು ಎರಡು ವಾರದೊಳಗೆ ಇಮ್ಮಡಿಯಾಗಬಲ್ಲದು. ಕೊಳೆನೀರು ಒಳಬರುವ ಕಾಲುವೆ ತೆರೆದಿರುವಷ್ಟು ದಿನ ನಮ್ಮ ಶ್ರಮವು ಗೊಬ್ಬರ ಹಾಕಿದ ಹೊಲದಲ್ಲಿ ಕೊಯ್ಲು ಮಾಡಿದಂತೆಯೇ ಸರಿ.

ಹಾಸಿನ ಕೆಳಗೆ ಬೆಳಕು ಇಳಿಯುವುದಿಲ್ಲ, ಗಾಳಿಯೂ ನೀರನ್ನು ಕಲಕುವುದಿಲ್ಲ. ಉದುರಿದ ಎಲೆ, ಬೇರುಗಳು ಕೊಳೆಯುವಾಗ ಉಳಿದಿರುವ ಆಮ್ಲಜನಕವೂ ಖರ್ಚಾಗುತ್ತದೆ. ಮಾಪಕವನ್ನು ಹಾಸಿನಡಿಗೆ ಇಳಿಬಿಟ್ಟಾಗ ಲೀಟರಿಗೆ 2 ಮಿಲಿಗ್ರಾಂ ಕೂಡ ಕಾಣಲಿಲ್ಲ, ತೆರವಾದ ಕಡೆ ಮಧ್ಯಾಹ್ನದ ಹೊತ್ತಿಗೆ ಅಂಕಿ ಏರಿತ್ತು. ಮುಳುಗಿ ಬೆಳೆಯುವ ಸ್ಥಳೀಯ ಜಲಸಸ್ಯಗಳು ಹಾಸಿನಡಿ ಒಂದೂ ಉಳಿದಿರಲಿಲ್ಲ.

ಈ ಹಂತದಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸಿದ್ದು ಎಲೆಗಳ ಮೇಲಿನ ಗಾಯದ ಗುರುತುಗಳು. ಅಕ್ಕಿಕಾಳಿಗಿಂತ ಚಿಕ್ಕದಾದ, ಹೆಚ್ಚುಕಡಿಮೆ ಆಯತಾಕಾರದ ಕಂದು ಕಲೆಗಳು ಎಲೆಯ ತುಂಬ ಹರಡಿದ್ದವು. ಊದಿಕೊಂಡ ತೊಟ್ಟನ್ನು ಉದ್ದಕ್ಕೆ ಸೀಳಿದಾಗ ಗಾಳಿ ತುಂಬಿದ ಸ್ಪಂಜಿನಂಥ ತಿರುಳಿನಲ್ಲಿ ಕಪ್ಪಾದ ಸುರಂಗವೂ ಅದರ ತುದಿಯಲ್ಲಿ ಕಾಲಿಲ್ಲದ ಬಿಳಿ ಮರಿಹುಳುವೂ ಕಂಡವು. ಇದು ನಿಯೋಕೆಟಿನಾ ಕುಲದ ಮೂತಿಹುಳುವಿನ ಕೆಲಸವೆಂದು ಗುರುತಿಸಿದ್ದೇನೆ. ಜೈವಿಕ ನಿಯಂತ್ರಣಕ್ಕಾಗಿ, ಅಂದರೆ ಕಳೆಯನ್ನು ಅದನ್ನು ತಿನ್ನುವ ಜೀವಿಯಿಂದಲೇ ಹತೋಟಿಗೆ ತರುವುದಕ್ಕಾಗಿ, ಹಲವು ದೇಶಗಳಲ್ಲಿ ಬಿಡುಗಡೆಯಾದ ಕೀಟವಿದು. ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದ ಮಧ್ಯಭಾಗದಿಂದ ಬಿಟ್ಟ ನಂತರ ಆ ದಶಕ ಮುಗಿಯುವುದರೊಳಗೆ ಅಂತರಗಂಗೆ ಗಣನೀಯವಾಗಿ ಇಳಿಯಿತು, ಮುಂದೆ ಕೆಲವು ಭಾಗಗಳಲ್ಲಿ ಮತ್ತೆ ಹಬ್ಬಿತು. ಗಿಡದೊಂದಿಗೆ ಹುಳುವನ್ನೂ ನಾವೇ ದಡಕ್ಕೆ ಎಳೆದು ಕೊಲ್ಲುತ್ತಿರುವುದರಿಂದ, ಹುಳು ದಟ್ಟವಾಗಿರುವ ಮೂಲೆಯೊಂದನ್ನು ತೇಲುಬೇಲಿ ಕಟ್ಟಿ ಸದ್ಯಕ್ಕೆ ಹಾಗೆಯೇ ಉಳಿಸಿಕೊಂಡಿದ್ದೇವೆ. ಜೊತೆಗಾರರಲ್ಲಿ ಕೆಲವರಿಗೆ ಇದು ಒಪ್ಪಿಗೆಯಿಲ್ಲ. ಇಷ್ಟು ಚಿಕ್ಕ ಕೊಳಕ್ಕೆ ಕೈಯಿಂದ ತೆಗೆಯುವುದೇ ಸಾಕೆಂಬ ಅವರ ವಾದದಲ್ಲಿ ಹುರುಳಿದೆಯಾದರೂ ಮುಂದಿನ ಮಳೆಗಾಲದವರೆಗೆ ಕಾದು ನೋಡುವುದರಿಂದ ನಷ್ಟವೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ತೆಗೆದ ರಾಶಿಯ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ ಆಗಿರುವುದರಿಂದ ಅದು ಬೇಗ ಕುಗ್ಗುತ್ತದೆ. ರಾಶಿಯಿಂದ ಒಸರುವ ರಸವು ಪೋಷಕಾಂಶಗಳನ್ನು ಮರಳಿ ಕೊಳಕ್ಕೇ ತಲುಪಿಸದಂತೆ ಅದನ್ನು ಏರಿಯ ಆಚೆಗೆ ಸಾಗಿಸಿದ್ದೇವೆ. ಈ ಗಿಡ ಕೊಳೆನೀರಿನ ಭಾರಲೋಹಗಳನ್ನು ಹೀರಿಕೊಳ್ಳುವುದರಿಂದ, ಪರೀಕ್ಷೆ ಆಗುವ ತನಕ ಆ ರಾಶಿ ಕೊಳೆತು ಆಗುವ ಗೊಬ್ಬರವನ್ನು ತರಕಾರಿ ಮಡಿಗೆ ಹಾಕುವುದಿಲ್ಲ.

ತೆರವಾದ ಅಂಚಿನಲ್ಲಿ ನೀರು ಇಳಿದು ಕೆಸರಿಗೆ ಬಿಸಿಲು ತಾಗಿದ ಮೇಲೆ ಪಟ್ಟಿಯಂಥ ಎಳೆ ಎಲೆಗಳ ಅಂತರಗಂಗೆ ಸಸಿಗಳು ಎದ್ದಿವೆ. ಕೆಸರಿನಲ್ಲಿರುವ ಬೀಜ 15 ವರ್ಷಕ್ಕೂ ಮೀರಿ ಜೀವಂತವಾಗಿರಬಲ್ಲದಾದ್ದರಿಂದ ಇನ್ನು ಮುಂದೆ ಅಂಚಿನ ಕಳೆ ಕೀಳುವುದೇ ಮುಖ್ಯ ಕೆಲಸ. ಖಾಲಿಯಾದ ನೀರಿಗೆ ಸಾಲ್ವೀನಿಯಾದಂಥ ಮತ್ತೊಂದು ಆಕ್ರಮಣಕಾರಿ ಸಸ್ಯ ನುಗ್ಗುವ ಸಾಧ್ಯತೆಯೂ ಇದೆ; ಅದಕ್ಕಾಗಿ ಉಳಿದರ್ಧಕ್ಕೆ ಕೈಹಾಕುವ ಮೊದಲು ಒಳಹರಿವಿನ ಬಾಯಲ್ಲಿ ಜೊಂಡು ನೆಟ್ಟು ಕೊಳೆನೀರು ಅದರ ನಡುವೆ ಸೋಸಿ ಬರುವಂತೆ ಮಾಡಲಿದ್ದೇವೆ. ಜೊಂಡಿನ ಗಡ್ಡೆಗಳನ್ನು ಈ ಕೊಳದ ಇನ್ನೊಂದು ದಡದಿಂದಲೇ ಬೇರ್ಪಡಿಸಿ ಇಟ್ಟಿದ್ದೇವೆ.