ಕಸಿಯಾಗಿ ವರ್ಷ ಕಳೆದ ಮೇಲೆ ದವಡೆ ಏಕೆ ಬಿಗಿಯುತ್ತದೆ?

"ಕಾಂಡಕೋಶ ಕಸಿಯಾಗಿ ವರ್ಷ ದಾಟಿದೆ, ರಕ್ತದ ವರದಿಗಳೆಲ್ಲ ಚೆನ್ನಾಗಿವೆ, ಆದರೆ ಈಚೆಗೆ ಆಕಳಿಸಿದರೆ ದವಡೆ ಹಿಡಿದುಕೊಳ್ಳುತ್ತದೆ, ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಇದು ಹಲ್ಲಿನ ತೊಂದರೆಯೇ?" ಕಸಿಯಾದವರ ಬಾಯಿಯ ಆರೋಗ್ಯದ ಬಗ್ಗೆ ಬರೆಯುವ ನನ್ನನ್ನು ಬಹಳ ಮಂದಿ ಕೇಳುವ ಪ್ರಶ್ನೆಯಿದು. ಹಲ್ಲಿನ ತೊಂದರೆಯೂ ಆಗಿರಬಹುದು. ಆದರೆ ಕಸಿಯ ಕಾಂಡಕೋಶಗಳು, ಅಂದರೆ ರಕ್ತವನ್ನು ಉತ್ಪಾದಿಸುವ ಮೂಲ ಕೋಶಗಳು, ಬೇರೊಬ್ಬ ದಾನಿಯಿಂದ ಬಂದಿದ್ದರೆ, ಈ ವಿಷಯ ಮೊದಲು ತಲುಪಬೇಕಾದದ್ದು ಕಸಿಯ ವೈದ್ಯರಿಗೆ ಎಂಬುದು ನನ್ನ ಉತ್ತರ.

ದಾನಿಯ ರೋಗನಿರೋಧಕ ಕೋಶಗಳು ತಾವು ಸೇರಿದ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ಮಾಡುವ ಸ್ಥಿತಿಗೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್, ಅಂದರೆ ಜಿವಿಎಚ್‌ಡಿ ಎನ್ನುತ್ತಾರೆ. ಅದರ ದೀರ್ಘಕಾಲೀನ ರೂಪ ಕಸಿಯಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಕಾಣಿಸಿಕೊಳ್ಳುವುದರಿಂದ, "ಇಷ್ಟು ದಿನದ ಮೇಲೆ ಕಸಿಯಿಂದ ಏನಾದೀತು" ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಚರ್ಮ ಮತ್ತು ಬಾಯೊಳಗಿನ ಪೊರೆ ಗಟ್ಟಿಯಾಗಿ ಬಾಯಿ ತೆರೆಯುವುದು ಕಡಿಮೆಯಾಗುವುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ರೂಪಿಸಿದ 2005ರ ಮಾನದಂಡಗಳಲ್ಲೇ ಈ ರೋಗದ ಲಕ್ಷಣವೆಂದು ಗುರುತಿಸಲಾಗಿತ್ತು.

ಎಲ್ಲ ಬಿಗಿತಕ್ಕೂ ಕಾರಣ ಒಂದೇ ಅಲ್ಲ. ಹಲವರಲ್ಲಿ ಸ್ನಾಯುವಿಗೆ ಏನೂ ಆಗಿರುವುದಿಲ್ಲ. ಅದರ ಮೇಲಿನ ಚರ್ಮವೋ ಸುತ್ತಲಿನ ಹೊದಿಕೆಯೋ ಗಡುಸಾಗಿ ಸ್ನಾಯುವನ್ನು ಹಿಗ್ಗಲು ಬಿಡುವುದಿಲ್ಲ. ಅಪರೂಪಕ್ಕೆ ಸ್ನಾಯುವಿಗೇ ಉರಿಯೂತ ಬರುತ್ತದೆ. ಆಗ ನೋವಿನ ಜೊತೆಗೆ ತೋಳು ತೊಡೆಗಳಲ್ಲೂ ಬಲ ಕುಂದಬಹುದು, ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಸಿಪಿಕೆ ಎಂಬ ಕಿಣ್ವ ಏರಬಹುದು. ಈ ರೋಗಕ್ಕೆ ಕೊಡುವ ಸ್ಟೆರಾಯ್ಡ್ ಮಾತ್ರೆಯನ್ನೇ ದೂರುವವರಿದ್ದಾರೆ, ಆದರೆ ಅದರಿಂದ ಬರುವ ನಿಶ್ಶಕ್ತಿ ಸಾಮಾನ್ಯವಾಗಿ ತೊಡೆ ಮತ್ತು ಭುಜಗಳದ್ದು. ದವಡೆಯ ಬಿಗಿತವನ್ನು ಅದು ವಿವರಿಸುವುದಿಲ್ಲ. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ, ಇನ್ನೂ ಅಪರೂಪವಾದ ಮಯಸ್ತೇನಿಯಾ ಎಂಬ ರೋಗದಲ್ಲಿ ದವಡೆ ಬಿಗಿಯುವುದಿಲ್ಲ, ದಣಿಯುತ್ತದೆ: ಊಟದ ಮೊದಲ ತುತ್ತುಗಳನ್ನು ಸುಲಭವಾಗಿ ಅಗಿದವರಿಗೆ ಕೊನೆಯ ತುತ್ತುಗಳ ಹೊತ್ತಿಗೆ ದವಡೆ ಸೋಲುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಜೊತೆಗೆ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಬಿಗಿತ ನಿಧಾನವಾಗಿ ಬರುವುದರಿಂದ ಅದು ಗಮನಕ್ಕೇ ಬರುವುದಿಲ್ಲ. ಜನ ತುತ್ತನ್ನು ಚಿಕ್ಕದು ಮಾಡಿಕೊಂಡು ಹೊಂದಿಕೊಂಡುಬಿಡುತ್ತಾರೆ. ಅದಕ್ಕೇ ನಾನು ಅಳೆಯಿರಿ ಎನ್ನುತ್ತೇನೆ. ಕನ್ನಡಿಯ ಮುಂದೆ ನಿಂತು, ಬಾಯಿ ಅಗಲಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ಅಂಚುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ನೋಡಿ ತಿಂಗಳಿಗೊಮ್ಮೆ ಬರೆದಿಡಬೇಕು. 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಾಯಿ ತೆರೆಯುವುದು ಕುಗ್ಗಿದೆ ಎಂದೇ ಲೆಕ್ಕ. ಆದರೆ ಅಳತೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ 35ಕ್ಕೆ ಬರುವವರೆಗೆ ಕಾಯದೆ ಕಸಿಯ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಉರಿಯೂತ ಔಷಧಿಗೆ ಬಗ್ಗುವಷ್ಟು ಸುಲಭವಾಗಿ ಒಮ್ಮೆ ಗಟ್ಟಿಯಾದ ಅಂಗಾಂಶ ಬಗ್ಗುವುದಿಲ್ಲ.

ಚಿಕಿತ್ಸೆ ಸ್ಟೆರಾಯ್ಡ್‌ನಿಂದ ಆರಂಭವಾಗುವುದೇ ಹೆಚ್ಚು. ಅದು ಸಾಲದಾದಾಗ ರಕ್ಸೊಲಿಟಿನಿಬ್, ಬೆಲುಮೊಸುಡಿಲ್‌ನಂಥ ಔಷಧಿಗಳಿವೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಿಗ್ಗಿಸುವ ವ್ಯಾಯಾಮವೂ ಅಷ್ಟೇ ಮುಖ್ಯ, ಬಲವಂತ ಮಾತ್ರ ಕೂಡದು. ಬಾಯಿ ಕಿರಿದಾಗಿ ಜೊಲ್ಲೂ ಬತ್ತಿದಾಗ ಹಲ್ಲು ಬೇಗ ಹುಳುಕಾಗುವುದರಿಂದ ದಂತವೈದ್ಯರ ಬಳಿ ಹೋಗಲೇಬೇಕಾಗುತ್ತದೆ. ಮೂಳೆ ಸವೆತಕ್ಕೆಂದು ಜೊಲೆಡ್ರೊನಿಕ್ ಆಮ್ಲದಂಥ ಚುಚ್ಚುಮದ್ದು ತೆಗೆದುಕೊಂಡಿದ್ದರೆ, ಹಲ್ಲು ಕೀಳಿಸುವ ಮೊದಲು ಅವರಿಗೆ ತಿಳಿಸಬೇಕು. ಆ ಔಷಧಿ ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಸಾಯುವ ಅಪಾಯವಿದೆ.