ಊಟಕ್ಕೇ ಕಷ್ಟ ಇರುವ ಮಕ್ಕಳಿಗೆ ಬಣ್ಣ ಯಾಕೆ ಅಂತ ಕೇಳುವವರಿಗೆ

ಬಡತನದಲ್ಲಿ ಬೆಳೆಯುವ, ಮನೆಯಲ್ಲಿ ನೆಮ್ಮದಿ ಇಲ್ಲದ ಮಕ್ಕಳಿಗೆ ನಾನು ಚಿತ್ರ, ಜೇಡಿಮಣ್ಣು, ನಾಟಕದ ಕಾರ್ಯಾಗಾರ ನಡೆಸುತ್ತೇನೆ. ಹೀಗಂತ ಹೇಳಿದ ಕೂಡಲೇ ಎದುರಿಗಿದ್ದವರಿಂದ ಒಂದೇ ಪ್ರಶ್ನೆ. "ಮೊದಲು ಊಟ, ಬಟ್ಟೆ, ಪಾಠ ಕೊಡಿ. ಚಿತ್ರ ಬರೆದ್ರೆ ಅವರ ಕಷ್ಟ ಹೋಗುತ್ತಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೋಗುವುದಿಲ್ಲ. ಚಿತ್ರ ಬರೆದರೆ ಅಪ್ಪನ ಕುಡಿತ ನಿಲ್ಲುವುದಿಲ್ಲ, ಮನೆ ಬಾಡಿಗೆ ಕಟ್ಟಲೂ ಆಗುವುದಿಲ್ಲ. ಊಟ ಬೇಕು, ಖಂಡಿತ ಬೇಕು. ಆದರೆ ಊಟ, ಬಣ್ಣ ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಉಳ್ಳವರ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅವರಿಗೆ ಸಂಗೀತ, ಡ್ಯಾನ್ಸ್, ಡ್ರಾಯಿಂಗ್ ಎಲ್ಲವೂ ಬೇಕು ಅಂತ ನಮಗೆ ಗೊತ್ತು. ಬಡ ಮಕ್ಕಳ ವಿಷಯ ಬಂದಾಗ ಮಾತ್ರ ಅವರಿಗೆ ಹೊಟ್ಟೆ ಬಿಟ್ಟರೆ ಬೇರೇನೂ ಇಲ್ಲ ಅನ್ನೋ ಹಾಗೆ ಮಾತಾಡುತ್ತೇವೆ.

ಒಮ್ಮೆ ಮಕ್ಕಳ ಚಿತ್ರಗಳ ಪ್ರದರ್ಶನಕ್ಕೆ ಒಬ್ಬ ಹಿರಿಯರು ಬಂದಿದ್ದರು. ಚಿತ್ರ ಬರೆದ ಹುಡುಗಿಯ ಪಕ್ಕದಲ್ಲೇ ನಿಂತು, ಅವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ನನ್ನನ್ನು ಕೇಳಿದರು: "ಇದರಿಂದ ಇವಳಿಗೆ ಏನು ಲಾಭ?" ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಅದು ನಾನು ಬರ್ದಿದ್ದು ಸರ್. ನೋಡಿದ್ರಾ?" ಅವರು ನೋಡಿರಲಿಲ್ಲ. ಆಮೇಲೆ ಹತ್ತಿರ ಹೋಗಿ ನೋಡಿದರು, ಬಹಳ ಹೊತ್ತು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಅನ್ನುವ ಸೆರೆಶಿಬಿರದಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನುವ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸಿದರು. ಅವರೂ ಅಲ್ಲಿ ಕೈದಿಯೇ. ಹಸಿವು, ರೋಗ, ಸಾವು ಎಲ್ಲ ಇದ್ದ ಜಾಗ ಅದು. ಚಿತ್ರಗಳ ಮೇಲೆ ಮಕ್ಕಳ ಕೈಯಲ್ಲೇ ಅವರವರ ಹೆಸರು ಬರೆಸುತ್ತಿದ್ದರು. 1944ರಲ್ಲಿ ಫ್ರೀಡ್ಲ್ ಅವರನ್ನು ನಾಜಿಗಳು ಆಶ್ವಿಟ್ಜ್ ಅನ್ನುವ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಆ ಮಕ್ಕಳಲ್ಲಿ ಹೆಚ್ಚಿನವರೂ ಉಳಿಯಲಿಲ್ಲ. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಹೊಟ್ಟೆ ತುಂಬಿದ ಮೇಲಷ್ಟೇ ಕಲೆ ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ನನ್ನ ಕಣ್ಣೆದುರು ನಡೆದದ್ದು. ಒಬ್ಬ ಹುಡುಗ ಇದ್ದ. ಗೆರೆ ಸ್ವಲ್ಪ ಸೊಟ್ಟಗಾದರೂ ಹಾಳೆ ಹರಿದು ಮುದ್ದೆ ಮಾಡಿ ಎಸೆಯುತ್ತಿದ್ದ. ತಪ್ಪಾದರೆ ಏಟು ಬೀಳುತ್ತದೆ ಅಂತ ಕಲಿತಿದ್ದ ಮಗು. ಅವನ ಕೈಗೆ ಜೇಡಿಮಣ್ಣು ಕೊಟ್ಟೆ. ಮಣ್ಣನ್ನು ಮೊದಲು ಚೆನ್ನಾಗಿ ನಾದಬೇಕು, ಒಳಗೆ ಗಾಳಿ ಉಳಿಯಬಾರದು. ಆಮೇಲೆ ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ಸಂದುಗಳನ್ನು ಬೆರಳಿನಿಂದ ಒತ್ತಿ ಸವರುತ್ತಾ ಮಡಕೆ ಎಬ್ಬಿಸಬೇಕು. ಅವಸರ ಮಾಡಿದರೆ ಹಸಿ ಮಣ್ಣು ಭಾರ ತಡೆಯದೆ ಕುಸಿಯುತ್ತದೆ. ಅವನದೂ ಕುಸಿಯಿತು. ಸಿಟ್ಟಿನಿಂದ ಗುದ್ದಿದ. ಮಣ್ಣಿಗೆ ಏನೂ ಆಗಲಿಲ್ಲ. ಇನ್ನೊಮ್ಮೆ ಗುದ್ದಿ ನನ್ನ ಮುಖ ನೋಡಿದ. ನಾನು ಬೈಯಲಿಲ್ಲ. ಅದನ್ನೇ ಮತ್ತೆ ನಾದಲು ಶುರು ಮಾಡಿದ. ಈ ಸಲ ಕೆಳಗಿನ ಸುತ್ತು ಸ್ವಲ್ಪ ಬಿಗಿಯಾಗುವವರೆಗೆ ಕಾದ. ಕಾಯಿ ಅಂತ ನಾನು ಹೇಳಿರಲಿಲ್ಲ.

ಕೆಟ್ಟದ್ದನ್ನು ಮತ್ತೆ ಕಟ್ಟಬಹುದು ಅನ್ನೋದು ಹೀಗೆ ಕೈಗೇ ಗೊತ್ತಾಗಬೇಕು. ಸುಮ್ನೆ ಬೋರ್ಡ್ ಮೇಲೆ ಧೈರ್ಯವಾಗಿರಿ ಅಂತ ಬರೆದರೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇರೆ ಪ್ರಶ್ನೆ ಕೇಳಿದರೆ ಖುಷಿ. "ಮುಂದಿನ ವಾರವೂ ನೀವೇ ಬರ್ತೀರಾ?" ಇದನ್ನು ಮಕ್ಕಳು ಮಾತ್ರ ಕೇಳುತ್ತಾರೆ, ದೊಡ್ಡವರು ಕೇಳುವುದೇ ಇಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಅಪ್ಪ ಅಮ್ಮನ ಕಾಯಿಲೆ, ಇಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಗಟ್ಟಿಯಾಗಿ ನಿಂತರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ನಂಬಬಹುದಾದ ಒಬ್ಬ ದೊಡ್ಡವರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ, ಯಾರಾದರೂ ಒಬ್ಬರು.

ಅದಕ್ಕೇ ಒಂದು ದಿನ ಬಂದು, ಬಣ್ಣ ಹಂಚಿ, ಫೋಟೋ ತೆಗೆದುಕೊಂಡು ಹೋಗುವ ಕಾರ್ಯಾಗಾರ ಕಂಡರೆ ನನಗೆ ಆಗುವುದಿಲ್ಲ. ಬಿಟ್ಟು ಹೋದವರನ್ನು ಈ ಮಕ್ಕಳು ಈಗಾಗಲೇ ಜಾಸ್ತಿ ನೋಡಿದ್ದಾರೆ.

ನಮ್ಮಲ್ಲೂ ಒಂದು ಮಾಡಿಸಿ ಅಂತ ಕರೆಯುವವರು ಮೊದಲು ಇಷ್ಟು ಹೇಳಿ. ವಾರವಾರ ಅದೇ ಹೊತ್ತಿಗೆ ಅದೇ ಕೋಣೆ ಸಿಗುತ್ತಾ? ಅರ್ಧ ಮಾಡಿದ ಮಡಕೆಯನ್ನು ಒದ್ದೆ ಬಟ್ಟೆ ಸುತ್ತಿ ಇಡಲು ಜಾಗ ಇದೆಯಾ? ನಾನು ಊರಲ್ಲಿ ಇಲ್ಲದ ದಿನ ಕೂರಲು ಮಕ್ಕಳಿಗೆ ಪರಿಚಯ ಇರುವವರು ಒಬ್ಬರಾದರೂ ಇದ್ದಾರಾ? ಇದ್ದರೆ ಬರುತ್ತೇನೆ. ಸ್ಪರ್ಧೆ, ಬಹುಮಾನ ಮಾತ್ರ ಇಡಬೇಡಿ.