ಎಲೆ ಉಜ್ಜಿ ನೋಡಿದರೆ ಮರ ಗೊತ್ತಾಗುತ್ತಾ?

ಮಳೆ ಬಿಟ್ಟ ಬೆಳಿಗ್ಗೆ, ವಿರಾಜಪೇಟೆ ಹತ್ತಿರದ ನಮ್ಮ ಕಾಫಿ ತೋಟದ ಬೇಲಿ ಪಕ್ಕ ಎರಡು ಮರದಿಂದ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿದೆ. ಒಂದರಲ್ಲಿ ಶೀತ ಆದಾಗ ಎದೆಗೆ ಹಚ್ಚುವ ಎಣ್ಣೆಯ ಘಾಟು. ಇನ್ನೊಂದರಲ್ಲಿ ನಿಂಬೆ. ವಾಸನೆ ಕೊಡುವ ಎಣ್ಣೆಯ ಅಂಶ ಮೊದಲನೆಯದರಲ್ಲಿ ಸಿನಿಯೋಲ್, ಎರಡನೆಯದರಲ್ಲಿ ಸಿಟ್ರೊನೆಲಾಲ್. ನಾವು ಎರಡನ್ನೂ ನೀಲಗಿರಿ ಅಂತಲೇ ಕರೆಯುವುದು. ನಿಂಬೆ ವಾಸನೆಯದನ್ನು ಮಾತ್ರ 1995ರಲ್ಲಿ ಯೂಕಲಿಪ್ಟಸ್‌ನಿಂದ ತೆಗೆದು ಕೊರಿಂಬಿಯಾ ಅನ್ನುವ ಬೇರೆ ಕುಲಕ್ಕೆ ಸೇರಿಸಿದರು.

ಎಣ್ಣೆಯಿಂದ ಮರ ಗುರುತಿಸುವ ಯೋಚನೆ ಹಳೆಯದು. ಸಿಡ್ನಿಯ ಸಸ್ಯವಿಜ್ಞಾನಿ ಬೇಕರ್ ಮತ್ತು ರಸಾಯನವಿಜ್ಞಾನಿ ಸ್ಮಿತ್ ಎಷ್ಟೋ ಜಾತಿಯ ನೀಲಗಿರಿ ಎಲೆಗಳನ್ನು ಬಟ್ಟಿ ಇಳಿಸಿ 1902ರಲ್ಲೇ ಇದನ್ನು ಬರೆದಿಟ್ಟರು. ಆಮೇಲೆ 1927ರಲ್ಲಿ ಪೆನ್‌ಫೋಲ್ಡ್ ಮತ್ತು ಮಾರಿಸನ್ ಅನ್ನುವ ವಿಜ್ಞಾನಿಗಳು ಒಂದು ತೊಡಕು ತೋರಿಸಿದರು: ನೋಡಲು ಒಂದೇ ಜಾತಿ, ಎಣ್ಣೆ ಮಾತ್ರ ಬೇರೆ ಬೇರೆ. ಹಾಗಾದರೆ ಒಂದು ವಾಸನೆ ನಂಬಿ ಜಾತಿ ಹೇಳೋಕೆ ಆಗಲ್ಲ, ಅಲ್ವಾ?

ಅದಕ್ಕೇ ಲೆಕ್ಕ ಬೇಕು. ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಒಂದು ಹನಿ ಎಣ್ಣೆಯನ್ನು ಹತ್ತಾರು ಅಂಶಗಳಾಗಿ ಬಿಡಿಸಿ ಯಾವುದು ಎಷ್ಟಿದೆ ಅಂತ ತೋರಿಸುತ್ತದೆ. ಅದನ್ನು ಪಟ್ಟಿ ಮಾಡಿದರೆ ಮರಕ್ಕೊಂದು ಸಾಲು, ಅಂಶಕ್ಕೊಂದು ಕಾಲಂ. ನಲವತ್ತು ಕಾಲಂ ಒಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ. ಕಕ್ಕಬ್ಬೆ ಕಡೆಯಿಂದ ನೋಡುವಾಗ ಒಂದರ ಹಿಂದೊಂದು ಅಡಗಿ ಒಂದೇ ಅನ್ನಿಸುವ ಬೆಟ್ಟಗಳು, ರಸ್ತೆ ತಿರುಗಿ ಪಕ್ಕಕ್ಕೆ ಬಂದಾಗ ಬೇರೆಬೇರೆಯಾಗಿ ಕಾಣುತ್ತವಲ್ಲ, ಹಾಗೆ ಮರಗಳ ನಡುವಿನ ವ್ಯತ್ಯಾಸ ಜಾಸ್ತಿ ಕಾಣುವ ದಿಕ್ಕನ್ನು ಹುಡುಕಿಕೊಡುವುದೇ ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್) ಅನ್ನುವ ಲೆಕ್ಕದ ವಿಧಾನ. ಎಣ್ಣೆ ಹೋಲುವ ಮರಗಳು ಹತ್ತಿರ ಬರುತ್ತವೆ, ಹೋಲದವು ದೂರ. ಆ ಗುಂಪಿಗೆ ಹೆಸರಿಡುವುದು ಮಾತ್ರ ಹೂವು, ಕಾಯಿ, ತೊಗಟೆ ನೋಡಿದವರ ಕೆಲಸ.

ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಎಲೆ ಕೀಳುವ ಶಿಸ್ತು. ಮನೆ ಹಿಂದಿನ ದಾಲ್ಚಿನ್ನಿಯನ್ನೇ ನೋಡಿ. ಎಲೆ ಮುರಿದರೆ ಲವಂಗದ ವಾಸನೆ, ಅದು ಯೂಜಿನಾಲ್. ತೊಗಟೆ ಕೆರೆದರೆ ಸಿನ್ನಮಾಲ್ಡಿಹೈಡ್, ಅಂದರೆ ನಾವು ಪಲಾವಿಗೆ ಹಾಕುವ ಚಕ್ಕೆಯ ವಾಸನೆ. ಬೇರಿನಲ್ಲಿ ಕರ್ಪೂರ. ಒಂದೇ ಮರ! ಸುಮ್ನೆ ಕೈಗೆ ಸಿಕ್ಕಿದ್ದು ತುಂಬಿ ಕಳಿಸಿದರೆ, ಲೆಕ್ಕ ಅದನ್ನು ಮೂರು ಮರ ಅಂತ ಹೇಳಿಬಿಡುತ್ತದೆ. ಚಿಗುರಿಗೂ ಬಲಿತ ಎಲೆಗೂ, ಮಳೆಗಾಲಕ್ಕೂ ಬೇಸಿಗೆಗೂ ಎಣ್ಣೆ ಬದಲಾಗುತ್ತದೆ.

ಬೇಲಿ ಸಾಲಿನ ಹನ್ನೆರಡು ಮರಕ್ಕೆ ನಂಬರಿನ ತಗಡು ಕಟ್ಟಿದ್ದೇನೆ. ಬಲಿತ ಎಲೆ ಮಾತ್ರ, ಒಂದೇ ಎತ್ತರದಿಂದ, ಒಂದೇ ದಿನ ಕೀಳಬೇಕು. ಎಲೆ ಮೇಲಿನ ಮಳೆ ನೀರು ಒಣಗಲಿ ಅಂತ ಕಾಯುತ್ತಿದ್ದೇನೆ.